ಸುದ್ದಿ ಆಯ್ಕೆಗೆ ಕ್ಲಿಕ್ ಲೆಕ್ಕ ಮಾನದಂಡವಾಗಬೇಕೆ?

ಪರ: ಓದುಗರ ಮಾತು ಡೆಸ್ಕ್‌ಗೂ ಕೇಳಲಿ

ಪತ್ರಿಕೆಯ ಪುಟದಲ್ಲಿ ಮೊದಲು ಕೂರುವುದು ಜಾಹೀರಾತು. ಮಿಕ್ಕ ಜಾಗವಷ್ಟೇ ಸುದ್ದಿಗೆ. ಹಾಗಾಗಿ ಸುದ್ದಿ ಆರಿಸಿ ತಿದ್ದುವ ಡೆಸ್ಕ್‌ನಲ್ಲಿ ಆರಿಸುವುದಕ್ಕಿಂತ ಬಿಡುವುದೇ ಹೆಚ್ಚು. ಅಮೆರಿಕದ ಪತ್ರಿಕೆಯೊಂದರ ಸುದ್ದಿ ಸಂಪಾದಕರು ಒಂದು ವಾರದಲ್ಲಿ ಕೈಬಿಟ್ಟ ಸುದ್ದಿಗಳ ಅಧ್ಯಯನವನ್ನು ಮಾಧ್ಯಮ ಸಂಶೋಧಕ ಡೇವಿಡ್ ಮ್ಯಾನಿಂಗ್ ವೈಟ್ 1950ರಲ್ಲಿ ಪ್ರಕಟಿಸಿದರು. ಸುದ್ದಿಸಂಸ್ಥೆಗಳಿಂದ ಬಂದದ್ದರಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಹೊರಗುಳಿದಿತ್ತು. ಬಿಟ್ಟದ್ದಕ್ಕೆ ಆ ಸಂಪಾದಕರೇ ಬರೆದಿಟ್ಟ ಕಾರಣಗಳಲ್ಲಿ ಜಾಗದ ಕೊರತೆಯ ಜತೆಗೆ ಅವರ ಸ್ವಂತ ಇಷ್ಟಾನಿಷ್ಟಗಳೂ ಇದ್ದವು. ಇದನ್ನು ಪ್ರಶ್ನಿಸಲು ಓದುಗರಿಗಿದ್ದ ದಾರಿ ಸಂಪಾದಕರಿಗೆ ಪತ್ರ ಬರೆಯುವುದೊಂದೇ. ಆ ಪತ್ರವನ್ನು ಆರಿಸುವವರೂ ಅವರೇ!

ಈಗ ಸುದ್ದಿತಾಣದ ಓದುಗರ ಲೆಕ್ಕ ಇಡುವ ಚಾರ್ಟ್‌ಬೀಟ್‌ನಂಥ ಸಾಧನ ತೆರೆದರೆ ಯಾವ ಸುದ್ದಿಯನ್ನು ಈ ಕ್ಷಣ ಎಷ್ಟು ಜನ, ಎಷ್ಟು ಹೊತ್ತು ಓದುತ್ತಿದ್ದಾರೆ, ಎಲ್ಲಿಂದ ಬಂದರು ಎಂಬುದು ಕಾಣುತ್ತದೆ. ಕ್ಲಿಕ್ ಒಂದನ್ನೇ ನಂಬಬಾರದು ನಿಜ. ಓದಿನ ಸಮಯವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಸಾವಿರ ಪದಗಳ ವರದಿಗೆ ಕ್ಲಿಕ್ ಬಹಳ, ಓದು ಹತ್ತೇ ಸೆಕೆಂಡ್ ಎಂದರೆ ಶೀರ್ಷಿಕೆಯನ್ನು ಅನುಮಾನಿಸಿ. ಕ್ಲಿಕ್ ಕಡಿಮೆ, ಆದರೆ ಬಂದವರು ಕೊನೆಯವರೆಗೂ ಓದಿದ್ದಾರೆ ಎಂದರೆ ಶೀರ್ಷಿಕೆ ಬದಲಿಸಿ ಮತ್ತೆ ಮೇಲಿಡಿ. ಜಲಾಶಯದ ನೀರಿನ ಮಟ್ಟ, ಅಡಿಕೆ ಧಾರಣೆಯಂಥವು ಸಂಜೆಯ ಮುಖಪುಟ ಸಭೆಯಲ್ಲಿ ಚರ್ಚೆಗೆ ಬರುವುದು ಅಪರೂಪ. ಜನ ಅವನ್ನು ಹುಡುಕಿಕೊಂಡು ಬರುತ್ತಾರೆ ಎಂದು ತಿಳಿಸುವುದು ಈ ಲೆಕ್ಕವೇ.

ವಿರೋಧ: ಆ ಲೆಕ್ಕ ಓದುಗರದ್ದಲ್ಲ

ಪರದೆಯ ಮೇಲಿನ ಅಂಕಿಯೇ ಓದುಗರ ಆಯ್ಕೆ ಎಂದು ನಂಬುವಲ್ಲಿ ತಪ್ಪು ಶುರುವಾಗುತ್ತದೆ. ಮೇಲೆ ಇಟ್ಟದ್ದಕ್ಕೆ ಕ್ಲಿಕ್ ಬೀಳುತ್ತದೆ; ಕ್ಲಿಕ್ ಬಿತ್ತೆಂದು ಅದನ್ನು ಅಲ್ಲೇ ಉಳಿಸುತ್ತಾರೆ. ಕೆಳಕ್ಕಿಳಿದದ್ದು ಯಾರ ಕಣ್ಣಿಗೂ ಬೀಳದೆ 'ಓಡದ ಸುದ್ದಿ' ಎನಿಸಿಕೊಳ್ಳುತ್ತದೆ. ಮೊಬೈಲ್‌ನಲ್ಲಿ ಬರಹಗಳನ್ನು ತಾನೇ ಆರಿಸಿ ತೋರಿಸುವ ಗೂಗಲ್ ಡಿಸ್ಕವರ್ ತೋರಿಸಿದರೆ ಅಂಕಿ ಏರುತ್ತದೆ, ಕೈಬಿಟ್ಟರೆ ಇಳಿಯುತ್ತದೆ. ಬರಹ ಮಾತ್ರ ಅದೇ. 2018ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ಫೀಡ್‌ನಲ್ಲಿ ಗೆಳೆಯರು, ಮನೆಮಂದಿಯ ಪೋಸ್ಟ್‌ಗಳಿಗೆ ಆದ್ಯತೆ ಎಂದಿತು. ಅದನ್ನೇ ನೆಚ್ಚಿದ್ದ ಎಷ್ಟೋ ಸುದ್ದಿತಾಣಗಳ ಓದುಗರ ಸಂಖ್ಯೆ ಕುಸಿಯಿತು. ಜನರ ಆಸಕ್ತಿಯೇನೂ ಆ ತಿಂಗಳು ಬದಲಾಗಿರಲಿಲ್ಲ.

ಟಿವಿಯವರು ಈ ದಾರಿಯಲ್ಲಿ ಮೊದಲೇ ಎಡವಿದ್ದಾರೆ. ವಾಹಿನಿಗಳ ವೀಕ್ಷಣೆಯ ಲೆಕ್ಕವಾದ ಟಿಆರ್‌ಪಿಯನ್ನು ತಿರುಚಿದ ಆರೋಪ ಎದ್ದು, 2020ರ ಅಕ್ಟೋಬರ್‌ನಲ್ಲಿ ಆ ಲೆಕ್ಕ ಕೊಡುವ ಸಂಸ್ಥೆ ಬಾರ್ಕ್ ಸುದ್ದಿವಾಹಿನಿಗಳ ವಾರದ ರೇಟಿಂಗ್ ನಿಲ್ಲಿಸಿತು. 2022ರ ಮಾರ್ಚ್‌ನಲ್ಲಿ ಮತ್ತೆ ಶುರುಮಾಡಿದಾಗ ಕೊಟ್ಟದ್ದು ನಾಲ್ಕು ವಾರಗಳ ಸರಾಸರಿ. ವಾರದ ಲೆಕ್ಕಕ್ಕೇ ಈ ಗತಿಯಾದರೆ ನಿಮಿಷದ ಲೆಕ್ಕ ಹಿಡಿದು ಸುದ್ದಿ ಇಳಿಸುವುದು ಎಷ್ಟು ಸರಿ?

ಹೆಚ್ಚು ಪೆಟ್ಟು ಬೀಳುವುದು ತಾಲ್ಲೂಕುಗಳಿಗೆ. ಯಾದಗಿರಿ ಜಿಲ್ಲೆಯ ಹಳ್ಳಿಯೊಂದರ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ನಿಂತ ವರದಿ ಬೇಕಾಗುವುದು ಕೆಲವೇ ನೂರು ಜನರಿಗೆ. ಸಿನಿಮಾ ಸುದ್ದಿಯ ಎದುರು ಅದು ಗೆಲ್ಲುವ ಮಾತೇ ಇಲ್ಲ. ಆದರೆ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ (ಸಿಇಒ) ಒಬ್ಬರು ಓದಿದರೂ ಘಟಕ ದುರಸ್ತಿಯಾಗಬಹುದು. ಲೆಕ್ಕದಲ್ಲಿ ಅದು ಒಂದೇ ಕ್ಲಿಕ್. ಜಿಲ್ಲಾವಾರು ನೋಡೋಣವೆಂದರೆ ಅದೂ ಕೈಕೊಡುತ್ತದೆ: ಓದುಗರ ಊರನ್ನು ಅವರ ಇಂಟರ್ನೆಟ್ ಸಂಪರ್ಕದ ಗುರುತು ಸಂಖ್ಯೆಯಾದ ಐಪಿ ವಿಳಾಸದಿಂದ ಊಹಿಸುವುದರಿಂದ ಮೊಬೈಲ್‌ನಲ್ಲಿ ಓದುವ ಹಳ್ಳಿಯವರು ಎಷ್ಟೋ ಸಲ ದೊಡ್ಡ ನಗರದವರಾಗಿ ದಾಖಲಾಗುತ್ತಾರೆ.

ಅಂಕಿ ನೋಡಲೇಬೇಕೆಂದರೆ ಮರುದಿನ ನೋಡಿ, ನೀರಿನ ವರದಿಯನ್ನು ಹಿಂದಿನ ನೀರಿನ ವರದಿಗಷ್ಟೇ ಹೋಲಿಸಿ. ಕೋರ್ಟ್, ಆಸ್ಪತ್ರೆ, ಪಂಚಾಯಿತಿ ಸುದ್ದಿಗಳನ್ನು ಆ ಲೆಕ್ಕದಿಂದಲೇ ಹೊರಗಿಡಿ. 'ಇದು ಓಡಲ್ಲ' ಎಂದು ಡೆಸ್ಕ್‌ನಿಂದ ನಾಲ್ಕು ಸಲ ಕೇಳಿಸಿಕೊಂಡ ಅರೆಕಾಲಿಕ ವರದಿಗಾರ ಐದನೆಯ ಸಲ ಕಳಿಸುವುದಿಲ್ಲ. ಬಾರದ ಆ ವರದಿ ಯಾವ ಪರದೆಯಲ್ಲೂ ಕಾಣುವುದಿಲ್ಲ.