ಗ್ಲಾಸ್ ಖಾಲಿಯಾದ ಮೇಲೆ ಅಂಕ ಕೊಡಿ

ನಿನ್ನೆ ರಾತ್ರಿ ಅಮೆರಿಕದ ಸಿಯೆರಾ ನೆವಾಡಾ ಕಂಪನಿಯ ಪೇಲ್ ಏಲ್ (ತಿಳಿ ಬಣ್ಣದ ಒಂದು ಬಗೆಯ ಬಿಯರ್) ಕುಡಿದೆ. ಮೊದಲ ಎರಡು ಗುಟುಕಿಗೆ 50ಕ್ಕೆ 37 ಅಂತ ಬರೆದುಕೊಂಡೆ. ಗ್ಲಾಸ್ ಖಾಲಿಯಾದಾಗ ಅದನ್ನು ಹೊಡೆದುಹಾಕಿ 43 ಮಾಡಿದೆ. ಬಾಟಲಿ ಅದೇ, ನಾಲಿಗೆಯೂ ಅದೇ. ನಡುವೆ ಹೋಗಿದ್ದು ಅರ್ಧ ಗಂಟೆ ಅಷ್ಟೇ.

ಫ್ರಿಜ್‌ನಿಂದ ತೆಗೆದ ಕೂಡಲೇ ಸುರಿದಿದ್ದೆ. ಜೇನಿನ ಬಣ್ಣ, ಮೇಲೆ ದಪ್ಪ ನೊರೆ. ಮೂಗಿಟ್ಟರೆ ಚಕ್ಕೋತದ ಸಿಪ್ಪೆ ಎಲ್ಲೋ ದೂರದಲ್ಲಿ ಇದ್ದ ಹಾಗೆ, ಅಷ್ಟೇ. ಬಾಯಲ್ಲಿ ಕಹಿ ಮಾತ್ರ ಮುಂದೆ ಬಂತು. ತುಂಬಾ ತಣ್ಣಗಿದ್ದರೆ ಘಮ ಮೇಲೇಳುವುದಿಲ್ಲ, ಕಹಿ ಮತ್ತು ಗ್ಯಾಸಿನ ಚುರುಕು ಮಾತ್ರ ಗೊತ್ತಾಗುತ್ತದೆ. ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಸುಮ್ನೆ ಕೂತೆ. ಚಳಿ ಬಿಡುತ್ತಾ ಬಂದ ಹಾಗೆ ಒಂದೊಂದಾಗಿ ಬಂದವು: ಮೊದಲು ಚಕ್ಕೋತ, ಆಮೇಲೆ ಪೈನ್ ಮರದ ಅಂಟು, ಅದರ ಹಿಂದೆ ಹೂವಿನ ತೆಳು ವಾಸನೆ. ಕೊನೆಗೆ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ರುಚಿ. ಚೆನ್ನಾಗಿ ಸುಟ್ಟ ಬ್ರೆಡ್ಡಿನ ಅಂಚು, ಒಂದು ಚೂರು ಕ್ಯಾರಮೆಲ್. ಅದು ಬಂದ ಮೇಲೆ ಕಹಿ ತನ್ನ ಜಾಗದಲ್ಲಿ ಕೂತಿತು.

ನಾನು ಬಳಸುವುದು ಅಮೆರಿಕದ ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿಯ ಲೆಕ್ಕ. ಘಮಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಹೇಗೆ ಕೂರುತ್ತದೆ ಅನ್ನುವುದಕ್ಕೆ 5, ಒಟ್ಟಾರೆ 10. ನೋಟಕ್ಕಿಂತ ನಾಲ್ಕು ಪಟ್ಟು ಘಮಕ್ಕೆ. ಅಂಥ ಘಮವನ್ನು ಚಳಿಯಲ್ಲಿ ಮುಚ್ಚಿಟ್ಟು ಅಂಕ ಹಾಕಿದರೆ ಅದು ಬಿಯರ್‌ಗೆ ಮಾಡುವ ಅನ್ಯಾಯ, ಅಲ್ವಾ?

ಈ ಬಿಯರ್ ವಿಷಯದಲ್ಲಂತೂ ಘಮವೇ ಕಥೆ. ಬಿಯರ್‌ಗೆ ಕಹಿ, ಘಮ ಎರಡನ್ನೂ ಕೊಡುವ ಹೂವು ಹಾಪ್ಸ್. ಅದರಲ್ಲಿ ಕ್ಯಾಸ್ಕೇಡ್ ಅನ್ನುವ ತಳಿ ಅಮೆರಿಕದ ಒರೆಗನ್‌ನಲ್ಲಿ ಬೆಳೆಸಿದ್ದು. ರೈತರ ಕೈಗೆ ಬಂದಿದ್ದು 1972ರಲ್ಲಿ. ಘಮ ಬೇಕಾದರೆ ಯುರೋಪಿನ ಹಾಪ್ಸ್ ತರಿಸುತ್ತಿದ್ದ ಕಾಲ ಅದು. 1980ರಲ್ಲಿ ಕ್ಯಾಲಿಫೋರ್ನಿಯಾದ ಚಿಕೋ ಊರಲ್ಲಿ ಸಿಯೆರಾ ನೆವಾಡಾ ಕಟ್ಟಿದ ಕೆನ್ ಗ್ರಾಸ್‌ಮನ್ ಬಿಯರ್ ಕುದಿಸಲು ಶುರು ಮಾಡಿದಾಗ ಸುತ್ತಲೂ ಇದ್ದಿದ್ದು ತಿಳಿ ಲಾಗರ್, ಅಂದರೆ ಹಗುರ ರುಚಿಯ ಬಿಯರ್. ಅವರು ಕ್ಯಾಸ್ಕೇಡನ್ನು ಮುಂದೆ ತಂದು ನಿಲ್ಲಿಸಿದರು. ಸರಿ ಬರದ ಎಷ್ಟೋ ಕುದಿಗಳನ್ನು ಚೆಲ್ಲಿದ ಮೇಲೆ ಈ ರುಚಿ ಸಿಕ್ಕಿದ್ದು. ನನಗೆ ಅದರ ಬಗ್ಗೆ ತುಂಬಾ ಗೌರವ ಇದೆ.

ಕಹಿಯ ಬಗ್ಗೆ ಒಂದು ಮಾತು. ಹಾಪ್ಸನ್ನು ಶುರುವಿನಲ್ಲೇ ಹಾಕಿ ಒಂದು ಗಂಟೆ ಕುದಿಸಿದರೆ ಕಹಿ ಇಳಿಯುತ್ತದೆ, ಘಮ ಹಬೆಯಾಗಿ ಹೋಗುತ್ತದೆ. ಕೊನೆಯಲ್ಲಿ ಹಾಕಿದರೆ ಘಮ ಉಳಿಯುತ್ತದೆ, ಕಹಿ ಕಡಿಮೆ. ಅಂದರೆ 'ಹಾಪ್ಸ್ ಜಾಸ್ತಿ' ಅಂದ ಕೂಡಲೇ 'ಕಹಿ ಜಾಸ್ತಿ' ಅಂತಲ್ಲ. ಈ ಬಿಯರಿನ ಕಹಿ 38 ಐಬಿಯು (ಕಹಿ ಅಳೆಯುವ ಮಾನ), ಆಲ್ಕೋಹಾಲ್ ಶೇ. 5.6. ಈಗ ಬರುವ, ಹಾಪ್ಸ್ ಜೋರಾಗಿರುವ ಐಪಿಎ ಬಿಯರ್‌ಗಳ ಪಕ್ಕ ಇದು ಮೆತ್ತಗೆ ಕಾಣಬಹುದು. ಅದಕ್ಕೇ 'ಹಳೇ ಕಾಲದ್ದು' ಅಂತ ಅಂಕ ಕತ್ತರಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಪೇಲ್ ಏಲನ್ನು ಪೇಲ್ ಏಲ್ ಆಗಿಯೇ ಅಳೆಯಬೇಕು. ಮಾಲ್ಟ್ ಇಲ್ಲದೆ ಹಾಪ್ಸ್ ಮಾತ್ರ ಕೂಗಿದರೆ ಎರಡನೇ ಗ್ಲಾಸ್ ಬೇಡ ಅನಿಸುತ್ತದೆ.

ನಾನೂ ಒಮ್ಮೆ ತಪ್ಪು ಮಾಡಿದ್ದೇನೆ. ಬೇರೆ ಒಂದು ಪೇಲ್ ಏಲ್‌ಗೆ 24 ಕೊಟ್ಟು ಎಲ್ಲರಿಗೂ ಹೇಳಿಬಿಟ್ಟೆ. ಒದ್ದೆ ರಟ್ಟಿನ ವಾಸನೆ, ಹಾಪ್ಸ್ ಸುಳಿವೇ ಇಲ್ಲ. ಆಮೇಲೆ ಬಾಟಲಿ ತಿರುಗಿಸಿ ನೋಡಿದರೆ ತುಂಬಿ ಹತ್ತು ತಿಂಗಳಾಗಿತ್ತು. ಹಾಪ್ಸ್ ಘಮ ಮೊದಲು ಸಾಯುತ್ತದೆ, ಗಾಳಿಯ ಆಮ್ಲಜನಕ ಉಳಿದಿದ್ದನ್ನು ಹಾಳು ಮಾಡುತ್ತದೆ. ಬೆಳಕು ಬಿದ್ದರಂತೂ ಕಹಿಯ ಅಂಶವೇ ಒಡೆದು ನಾತ ಬರುತ್ತದೆ. ಕಂದು ಬಾಟಲಿ ಅದನ್ನು ಸಾಕಷ್ಟು ತಡೆಯುತ್ತದೆ, ಹಸಿರು ಮತ್ತು ಬಿಳಿ ಬಾಟಲಿ ಅಷ್ಟು ತಡೆಯುವುದಿಲ್ಲ. ಆ ಅಂಕವನ್ನು ವಾಪಸ್ ತೆಗೆದುಕೊಂಡೆ. ಅಂದಿನಿಂದ ಮುಚ್ಚಳ ತೆಗೆಯುವ ಮೊದಲು ತಾರೀಖು ನೋಡುತ್ತೇನೆ.

ನಿನ್ನೆಯ ಲೆಕ್ಕ ಹೀಗಾಯಿತು. ಘಮ 9 ಇದ್ದಿದ್ದು 11. ರುಚಿ 14ರಿಂದ 17. ಒಟ್ಟಾರೆ 7ರಿಂದ 8. ನೋಟಕ್ಕೆ ಮೊದಲೇ ಪೂರ್ತಿ 3 ಕೊಟ್ಟಿದ್ದೆ. ಕುಡಿದಷ್ಟೂ ನೊರೆ ಗ್ಲಾಸಿನ ಗೋಡೆಗೆ ಉಂಗುರ ಉಂಗುರವಾಗಿ ಅಂಟಿಕೊಳ್ಳುತ್ತಾ ಬಂತು. ಅದಕ್ಕೆ ಹಾಪ್ಸ್ ಕಹಿಯೂ ಒಂದು ಕಾರಣ. ಬಾಯಿಗೆ ಕೂರುವುದಕ್ಕೆ 4ರಲ್ಲೇ ನಿಲ್ಲಿಸಿದೆ, ಗ್ಯಾಸ್ ನನಗೆ ಒಂದು ಚೂರು ಚುರುಕು. ರುಚಿಯಲ್ಲಿ ಹೋದ ಮೂರು ಅಂಕ ಕ್ಯಾರಮೆಲ್‌ನದು. ಕೊನೆಯ ನಾಲ್ಕು ಗುಟುಕಿನಲ್ಲಿ ಅದು ಚಕ್ಕೋತವನ್ನು ಸ್ವಲ್ಪ ಹಿಂದೆ ತಳ್ಳಿತು. ಇದಕ್ಕಿಂತ ತಾಜಾ ಬಾಟಲಿ ಸಿಕ್ಕಿದರೆ ಆ ಮೂರರಲ್ಲಿ ಒಂದಾದರೂ ವಾಪಸ್ ಬರುತ್ತದೆ ಅಂತ ನನ್ನ ನಂಬಿಕೆ. ಸಿಕ್ಕ ದಿನ ಮತ್ತೆ ಬರೆಯುತ್ತೇನೆ.