ಗಂಜಿ ಇಲ್ಲದ ಆಸ್ಪತ್ರೆ

ಕಳೆದ ನವೆಂಬರಿನಲ್ಲಿ ಅಪ್ಪ ಉಡುಪಿಯಿಂದ ನಮ್ಮನ್ನು ನೋಡಲು ಜರ್ಮನಿಯ ಟ್ಯೂಬಿಂಗನ್‌ಗೆ ಬಂದಿದ್ದರು. ಬಂದು ಎರಡು ವಾರ ಆಗಿರಲಿಲ್ಲ, ಕೆಮ್ಮು ಶುರುವಾಯಿತು. ಕಷಾಯ, ವಿಕ್ಸ್ ಎಲ್ಲ ಆಯಿತು. ಕಫ ಎದೆಗೆ ಇಳಿಯಿತು. ನ್ಯುಮೋನಿಯಾ ಅಂದರು, ಆಸ್ಪತ್ರೆಗೆ ಸೇರಿಸಿದೆವು.

ಆಸ್ಪತ್ರೆಯ ಮೇಲೆ ದೂರು ಹೇಳಲು ನನ್ನ ಹತ್ತಿರ ಏನೂ ಇಲ್ಲ. ಬಟನ್ ಒತ್ತಿದರೆ ಏಳುವ ಹಾಸಿಗೆ, ಹೊತ್ತಿಗೆ ಸರಿಯಾಗಿ ಮದ್ದು, ಫಿನಾಯಿಲ್ ವಾಸನೆಯೂ ಇಲ್ಲದ ವಾರ್ಡು. ಚರ್ಚಿನವರೇ ನಡೆಸುವ ಆಸ್ಪತ್ರೆ ಅದು. ಗೋಡೆಯ ಮೇಲೆ ಅಂಗೈ ಅಗಲದ ಒಂದು ಮರದ ಶಿಲುಬೆ. ಸಂಜೆ ಐದೂವರೆಗೇ ರಾತ್ರಿಯ ಊಟ ಬಂತು. ಎರಡು ತುಂಡು ಕಪ್ಪು ಬ್ರೆಡ್ಡು, ಚೀಸು, ಉಪ್ಪುಹುಳಿಯಲ್ಲಿ ಹಾಕಿದ ಸೌತೆಕಾಯಿ. ಎಲ್ಲ ತಣ್ಣಗೆ. ಅಪ್ಪ ಮುಚ್ಚಳ ತೆಗೆದು ನೋಡಿದರು. ಮತ್ತೆ ಮೆಲ್ಲ ಮುಚ್ಚಿದರು.

"ಗಂಜಿ ಇಲ್ವಾ ಮಾರಾಯ ಇಲ್ಲಿ?"

ರಾತ್ರಿ ನಾನು ಇಲ್ಲೇ ಉಳಿಯುತ್ತೇನೆ ಅಂದೆ. ನರ್ಸ್ ನನ್ನನ್ನೇ ನೋಡಿ "ಯಾಕೆ?" ಅಂತ ಕೇಳಿದರು. ಒರಟಾಗಿ ಅಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದ್ದು. ಬೆಲ್ ಇದೆ, ಒತ್ತಿದರೆ ನಾವು ಬರುತ್ತೇವೆ, ನೀವಿದ್ದು ಮಾಡುವುದೇನು? ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾಡುವುದಕ್ಕೆ ಏನೂ ಇಲ್ಲ. ಸುಮ್ನೆ ಇರುವುದು, ಅಷ್ಟೇ. ಆದರೆ "ಸುಮ್ನೆ ಇರುವುದು" ಅನ್ನುವುದನ್ನು ಜರ್ಮನ್ ಭಾಷೆಯಲ್ಲಿ ಹೇಳಿ ಒಪ್ಪಿಸುವಷ್ಟು ನನ್ನ ವ್ಯಾಕರಣ ಗಟ್ಟಿ ಇಲ್ಲ. ಬಸ್ಸು ಹತ್ತಿ ಮನೆಗೆ ಬಂದೆ.

ನಾನು ಹುಟ್ಟಿದ್ದು ಉಡುಪಿಯ ಮಿಷನ್ ಆಸ್ಪತ್ರೆಯಲ್ಲಿ. ಅಪ್ಪ ಹುಟ್ಟಿದ್ದೂ ಅಲ್ಲೇ. ಬೋರ್ಡಿನಲ್ಲಿ ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ ಅಂತ ಇದೆ, ಆದರೆ ರಿಕ್ಷಾದವರಿಗೆ ಹಾಗೆ ಹೇಳುವವರು ಯಾರಿದ್ದಾರೆ? ಈವಾ ಲೊಂಬಾರ್ಡ್ ಅನ್ನುವ ಸ್ವಿಸ್ ಡಾಕ್ಟರಮ್ಮ 1923ರಲ್ಲಿ ಅದನ್ನು ಶುರು ಮಾಡಿದರು. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಆ ಹೊತ್ತಿಗೆ ಕರಾವಳಿಗೆ ಬಂದು ತೊಂಬತ್ತು ವರ್ಷವೇ ಆಗುತ್ತಾ ಬಂದಿತ್ತು. ಹಂಚಿನ ಕಾರ್ಖಾನೆ, ನೇಯ್ಗೆ, ಶಾಲೆ, ಅಚ್ಚುಕೂಟ ಎಲ್ಲ ಆಗಿತ್ತು.

ಎಂಬತ್ತರ ದಶಕದ ಮೊದಲಿಗೆ ಅಜ್ಜಿಯನ್ನು ಅಲ್ಲಿ ಹದಿನೈದು ದಿನ ಇಟ್ಟಿದ್ದರು. ಸ್ಟೀಲಿನ ಕ್ಯಾರಿಯರ್ ಹಿಡಿದುಕೊಂಡು ಹೋಗುವ ಕೆಲಸ ನನ್ನದು. ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಮಾವಿನ ಮಿಡಿ. ಮಂಚದ ಕೆಳಗೆ ಚಾಪೆ ಹಾಸಿ ಚಿಕ್ಕಮ್ಮ ಮಲಗುತ್ತಿದ್ದರು. ಬೆಳಿಗ್ಗೆ ಒಬ್ಬರು ಸಿಸ್ಟರ್ ವಾರ್ಡಿನ ಮಧ್ಯೆ ನಿಂತು ಕನ್ನಡದಲ್ಲಿ ಒಂದು ಗೀತೆ ಹಾಡಿ, ಎರಡು ಮಾತು ಪ್ರಾರ್ಥನೆ ಮಾಡುತ್ತಿದ್ದರು. ಅಜ್ಜಿ ಕೈ ಮುಗಿಯುತ್ತಿದ್ದರು. ಅದೇ ಕೈಯಲ್ಲಿ ಕಾಪು ಮಾರಿಗುಡಿಯ ನೂಲು. ನಾನು ತಮಾಷೆ ಮಾಡಿದೆ, ಯಾವ ದೇವರು ಗುಣ ಮಾಡುವುದು ಅಜ್ಜಿ ಅಂತ. "ಒಂದೇ ಎತ್ತು ಕಟ್ಟಿದ್ರೆ ಗದ್ದೆ ಉಳ್ಲಿಕ್ಕೆ ಆಗ್ತದಾ? ಮದ್ದೂ ಬೇಕು, ಹರಕೆಯೂ ಬೇಕು" ಅಂದರು.

ಈಗ ನಾನಿರುವ ಊರಿನ ವಿಷಯಕ್ಕೆ ಬರುತ್ತೇನೆ. ಟ್ಯೂಬಿಂಗನ್ ಸಣ್ಣ ಊರು. ನೆಕ್ಕರ್ ನದಿ, ಹಳೇ ವಿಶ್ವವಿದ್ಯಾಲಯ, ಬೀದಿ ತುಂಬ ಸೈಕಲ್ಲು. ಕನ್ನಡದ ನಿಘಂಟು ಬರೆದ ಕಿಟೆಲ್ 1903ರಲ್ಲಿ ಕಣ್ಣು ಮುಚ್ಚಿದ್ದು ಈ ಊರಿನಲ್ಲೇ. ಇಲ್ಲಿನ ಹತ್ತು ಜನರಿಗೂ ಅದು ಗೊತ್ತಿರಲಿಕ್ಕಿಲ್ಲ. ಇದೇ ಊರಿನಲ್ಲಿ ಡಿಫೇಮ್ ಅನ್ನುವ ಸಂಸ್ಥೆ ಇದೆ. ವೈದ್ಯಕೀಯ ಮಿಷನ್ನಿನ ಜರ್ಮನ್ ಸಂಸ್ಥೆ ಅಂತ ಅದರ ಅರ್ಥ. ಪೌಲ್ ಲೆಹ್ಲರ್ ಅನ್ನುವ ಸ್ಟುಟ್‌ಗಾರ್ಟಿನ ಉದ್ಯಮಿಯೊಬ್ಬರು ಮುಂದೆ ನಿಂತು 1906ರಲ್ಲಿ ಸ್ಥಾಪಿಸಿದ್ದು. ಆಫ್ರಿಕಾಕ್ಕೆ, ಇಂಡಿಯಾಕ್ಕೆ ಹೊರಡುವ ಡಾಕ್ಟರು, ನರ್ಸುಗಳನ್ನು ತಯಾರು ಮಾಡಿ ಕಳಿಸುವುದು ಆಗ ಅದರ ಕೆಲಸ. ಮಲೇರಿಯಾ ಅಂಟಿಸಿಕೊಂಡು ವಾಪಸ್ ಬಂದವರಿಗೆ ಮದ್ದು ಮಾಡಲು ಪಕ್ಕದಲ್ಲೇ ಒಂದು ಆಸ್ಪತ್ರೆ. ಈಗ ಅಲ್ಲಿ ವಯಸ್ಸಾದವರ ಆರೈಕೆ, ಕೊನೆಗಾಲದ ಆರೈಕೆ ನಡೆಯುತ್ತದೆ. ಪ್ರವಾಸಕ್ಕೆ ಹೋಗುವವರಿಗೆ ಚುಚ್ಚುಮದ್ದೂ ಕೊಡುತ್ತಾರೆ. ಉಡುಪಿಯ ಅಜ್ಜನ ಮನೆಗೆ ಹೋಗುವ ಮುಂಚೆ ನನ್ನ ಮಗನಿಗೆ ಟೈಫಾಯಿಡ್ ಸೂಜಿ ಚುಚ್ಚಿಸಿದ್ದು ಅಲ್ಲೇ. ನನ್ನೂರನ್ನು ಡಾಕ್ಟರು "ಉಷ್ಣವಲಯ" ಅಂದಾಗ ಒಳಗೊಳಗೇ ನಗು ಬಂತು.

1964ರಲ್ಲಿ ಈ ಊರಿನಲ್ಲಿ ಒಂದು ಸಭೆ ನಡೆಯಿತು. ಚರ್ಚುಗಳ ಜಾಗತಿಕ ಒಕ್ಕೂಟ ಮತ್ತು ಲೂಥರನ್ ಒಕ್ಕೂಟ ಸೇರಿ ಕರೆದ ಸಣ್ಣ ಸಭೆ. ದೇಶಗಳು ಒಂದೊಂದಾಗಿ ಸ್ವತಂತ್ರ ಆಗುತ್ತಿದ್ದ ಕಾಲ. ಸರಕಾರಗಳೇ ಆಸ್ಪತ್ರೆ ಕಟ್ಟುತ್ತಿದ್ದವು. ಮಿಷನ್ ಆಸ್ಪತ್ರೆಗಳ ಖರ್ಚು ಏರುತ್ತಾ ಇತ್ತು. ಹಾಗಾದರೆ ಚರ್ಚಿಗೆ ಆಸ್ಪತ್ರೆ ಯಾಕೆ ಬೇಕು ಅನ್ನುವುದೇ ಅವರ ಮುಂದಿದ್ದ ಪ್ರಶ್ನೆ. ಅವರು ಕಂಡುಕೊಂಡದ್ದು ನನಗೆ ತುಂಬ ಇಷ್ಟ. ಗುಣ ಮಾಡುವುದು ಡಾಕ್ಟರೊಬ್ಬರ ಕೆಲಸ ಅಲ್ಲ, ಇಡೀ ಸಭೆಯ ಕೆಲಸ ಅಂದರು. ಇಲ್ಲಿ ಸಭೆ ಅಂದರೆ ಭಾನುವಾರ ಚರ್ಚಿನಲ್ಲಿ ಕೂತಿರುತ್ತಾರಲ್ಲ, ಆ ಜನ. ಟೈಲರು, ಟೀಚರು, ಪಕ್ಕದ ಮನೆಯವರು.

ಅದು ಬರೀ ಮಾತಾಗಿ ಉಳಿಯಲಿಲ್ಲ. 1968ರಲ್ಲಿ ಜಿನೀವಾದಲ್ಲಿ ಚರ್ಚುಗಳ ಆ ಜಾಗತಿಕ ಒಕ್ಕೂಟದ ಆರೋಗ್ಯ ಸಮಿತಿ, ಕ್ರಿಶ್ಚಿಯನ್ ಮೆಡಿಕಲ್ ಕಮಿಷನ್ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ಕಚೇರಿಯೂ ಅದೇ ಊರಲ್ಲಿ. ಇವರ ಮಾತು ಅವರ ಕಿವಿಗೂ ಬಿತ್ತು. 1978ರಲ್ಲಿ ಆಲ್ಮಾ ಆಟಾ ಅನ್ನುವ ಊರಿನಲ್ಲಿ ದೇಶಗಳೆಲ್ಲ ಸೇರಿ, ಪ್ರಾಥಮಿಕ ಆರೋಗ್ಯ ಆರೈಕೆ ಎಲ್ಲರಿಗೂ ಸಿಗಬೇಕು ಅಂತ ಘೋಷಣೆ ಮಾಡಿದವು, ಅದಕ್ಕೆ ಹೋದ ನೀರಿನಲ್ಲಿ ಒಂದು ಕಾಲುವೆ ಇಲ್ಲಿಂದ ಹರಿದದ್ದು. ಇನ್ನೊಂದು ಕಾಲುವೆ ನಮ್ಮ ಪಕ್ಕದ ಮಹಾರಾಷ್ಟ್ರದ್ದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಓದಿದ ರಜನೀಕಾಂತ್ ಮತ್ತು ಮೇಬಲ್ ಆರೋಳೆ ದಂಪತಿ 1970ರಲ್ಲಿ ಜಾಮಖೇಡಕ್ಕೆ ಹೋದರು. ಬರಗಾಲದ ಊರು. ಹುಟ್ಟಿದ ಸಾವಿರ ಮಕ್ಕಳಲ್ಲಿ 170ಕ್ಕೂ ಜಾಸ್ತಿ ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಅವರು ಬೋರ್‌ವೆಲ್ ತೋಡಿಸಿದರು. ಊಟದ ಏರ್ಪಾಡು ಮಾಡಿದರು. ಹಳ್ಳಿ ಹಳ್ಳಿಯಲ್ಲಿ ಒಬ್ಬೊಬ್ಬ ಹೆಂಗಸನ್ನು ಆರಿಸಿ ಆರೋಗ್ಯದ ಕೆಲಸ ಕಲಿಸಿದರು. ಅವರಲ್ಲಿ ಬಹಳ ಜನರಿಗೆ ಓದು ಬರಹ ಇಲ್ಲ, ಎಷ್ಟೋ ಮಂದಿ ದಲಿತರು. ನಿನ್ನೆವರೆಗೆ ಬಾವಿ ಮುಟ್ಟಬಾರದು ಅಂತಿದ್ದವರ ಮನೆಯ ಹೆರಿಗೆಗೆ ಇವತ್ತು ಅವಳೇ ಬೇಕು. ವರ್ಷಗಳು ಕಳೆದ ಹಾಗೆ ಆ 170 ಮೂವತ್ತರ ಒಳಗೆ ಇಳಿಯಿತು.

ಮಿಷನ್ನಿನ ಕಥೆಯಲ್ಲಿ ನನಗೆ ದೊಡ್ಡದು ಅನಿಸುವುದು ಇದು. ಕಲ್ಲಿನ ಕಟ್ಟಡ, ದಾನಿಗಳ ಹೆಸರಿನ ಫಲಕ ಅಲ್ಲ. ಅದೇ ಮಾತಿಗೆ ಇನ್ನೊಂದು ಹೇಳುತ್ತೇನೆ. ಮಿಷನ್ ಅಂದರೆ ಬಿಳಿಯರು ಬಂದು ಕರಿಯರನ್ನು ಗುಣ ಮಾಡಿದರು ಅಂತಲೇ ಎಲ್ಲರ ತಲೆಯಲ್ಲಿ ಕೂತಿದೆ. ಇದೇ ಬಾಸೆಲ್ ಮಿಷನ್ನಿನವರು ಇಂಡಿಯಾಕ್ಕಿಂತ ಮೊದಲು, 1828ರಲ್ಲಿ ಈಗಿನ ಘಾನಾಕ್ಕೆ ಹೋಗಿದ್ದರು. ಹೋದ ನಾಲ್ವರಲ್ಲಿ ಮೂವರು ವರ್ಷದೊಳಗೆ ಜ್ವರಕ್ಕೆ ಸತ್ತರು. ಮತ್ತೆ 1832ರಲ್ಲಿ ಮೂವರು ಹೋದರು, ಅದರಲ್ಲಿ ಒಬ್ಬರು ಡಾಕ್ಟರೇ. ಆ ಡಾಕ್ಟರು ಆರು ವಾರದಲ್ಲಿ ತೀರಿಕೊಂಡರು. ಉಳಿದವರು ಆಂಡ್ರಿಯಾಸ್ ರೀಸ್ ಒಬ್ಬರೇ. ಅವರಿಗೂ ಜ್ವರ ಬಂತು, ಊರಿನ ಮದ್ದಿನವರು ಬೇರು ಸೊಪ್ಪು ಕೊಟ್ಟು ಬದುಕಿಸಿದರು. ಮಿಷನ್ ಅಲ್ಲಿ ಉಳಿದದ್ದೇ ಆಮೇಲೆ!

ಊರಿನಿಂದ ಫೋನ್ ಮಾಡುವ ಗೆಳೆಯರು ಇದಕ್ಕೆಲ್ಲ ಒಂದೇ ಪ್ರಶ್ನೆ ಹಾಕುತ್ತಾರೆ. "ಅವರು ಬಂದದ್ದು ಮತಾಂತರಕ್ಕೆ ಅಲ್ವಾ?" ಹೌದಪ್ಪ. ಸುವಾರ್ತೆ ಸಾರಲಿಕ್ಕೆ ಬಂದೆವು ಅಂತ ಅವರೇ ಬರೆದಿಟ್ಟಿದ್ದಾರೆ, ಮುಚ್ಚಿಟ್ಟದ್ದೇನೂ ಇಲ್ಲ. ನಮ್ಮ ಮನೆಯ ಮೂರು ತಲೆಮಾರು ಮಿಷನ್ ಆಸ್ಪತ್ರೆಯ ಮದ್ದು ಕುಡಿದಿದೆ, ಯಾರೂ ಮತ ಬಿಟ್ಟಿಲ್ಲ. ಬಿಟ್ಟವರೂ ಊರಲ್ಲಿ ಇದ್ದರು. ಹಲವರಿಗೆ ಜಾತಿಯ ಏಟು ಮದ್ದಿಗಿಂತ ದೊಡ್ಡ ಕಾರಣ ಆಗಿತ್ತು. ನನಗೆ ಸಿಟ್ಟು ಬರುವುದು ಬೇರೆ ಕಡೆ. ಸಕ್ಕರೆ ಕಾಯಿಲೆಯವರ ಕೈಯಿಂದ ಇನ್ಸುಲಿನ್ ಬಿಡಿಸಿ, ನಂಬಿದರೆ ಸಾಕು ಅನ್ನುವ ವೇದಿಕೆಯ ಮೇಲಿನವರ ಮೇಲೆ. ಅವರು ಎಲ್ಲ ಮತಗಳಲ್ಲೂ ಇದ್ದಾರೆ. ಮೈಕು ದೊಡ್ಡದಾದಷ್ಟೂ ನಾನು ಹಿಂದಿನ ಸಾಲಿಗೆ ಹೋಗುತ್ತೇನೆ.

ಹಾಗಂತ ಪ್ರಾರ್ಥನೆಯನ್ನೇ ತಳ್ಳಿಹಾಕಲು ಮನಸ್ಸು ಬರುವುದಿಲ್ಲ. ನನ್ನ ಜೊತೆ ಕೆಲಸ ಮಾಡುವ ಘಾನಾದ ಗೆಳೆಯ ಒಂದು ಭಾನುವಾರ ತನ್ನ ಚರ್ಚಿಗೆ ಕರೆದುಕೊಂಡು ಹೋದ. ಸ್ಟುಟ್‌ಗಾರ್ಟಿನ ಹೊರಗೆ, ಟೈರ್ ಗೋದಾಮಿನ ಪಕ್ಕದ ಬಾಡಿಗೆ ಹಾಲ್. ಬೆಳಿಗ್ಗೆ ಹತ್ತಕ್ಕೆ ಹೋದವರು ಮಧ್ಯಾಹ್ನ ಎರಡಾದರೂ ಎದ್ದಿಲ್ಲ. ಕೊನೆಗೆ ಮೈಗೆ ಹುಷಾರಿಲ್ಲದವರು ಮುಂದೆ ಬಂದರು. ಹಿರಿಯರು ಹಣೆಗೆ ಎಣ್ಣೆ ಹಚ್ಚಿ ತಲೆಯ ಮೇಲೆ ಕೈ ಇಟ್ಟರು. ಯಾಕೋಬನ ಪತ್ರಿಕೆಯಲ್ಲಿ ಹಾಗೆ ಹೇಳಿದೆಯಂತೆ. ಮುಗಿದ ಮೇಲೆ ಒಬ್ಬ ಹೆಂಗಸು ಬಂದು ಅವರ ಹೆಸರು, ಇನ್ಶೂರೆನ್ಸ್ ಕಾರ್ಡು, ಡಾಕ್ಟರ ಅಪಾಯಿಂಟ್‌ಮೆಂಟ್ ದಿನ ಎಲ್ಲ ಪುಸ್ತಕದಲ್ಲಿ ಬರೆದುಕೊಂಡಳು. ಯಾರು ಜೊತೆಗೆ ಹೋಗುತ್ತಾರೆ ಅಂತ ಕೂಗಿ ಕೇಳಿದಳು. ಮೂರು ಕೈ ಮೇಲೆದ್ದವು. ಅಜ್ಜಿಯ ಎರಡು ಎತ್ತು ನೆನಪಾಯಿತು.

ಜರ್ಮನಿಯವರಿಗೆ ಇದು ಗೊತ್ತಿಲ್ಲ ಅಂತಲ್ಲ. ಗೊತ್ತಿದ್ದುದನ್ನು ಒಂದು ವ್ಯವಸ್ಥೆ ಮಾಡಿಟ್ಟಿದ್ದಾರೆ. ಚರ್ಚಿನ ಸದಸ್ಯರಿಗೆ ಆದಾಯ ತೆರಿಗೆಯ ಮೇಲೆ ಚರ್ಚ್ ತೆರಿಗೆ, ಇಲ್ಲಿ ನಾವಿರುವ ರಾಜ್ಯದಲ್ಲಿ 8%. ಸಂಬಳದಲ್ಲೇ ಹಿಡಿಯುತ್ತಾರೆ. ಡಯಾಕೊನಿ, ಕಾರಿಟಾಸ್ ಅಂತ ಚರ್ಚುಗಳದ್ದೇ ಎರಡು ದೊಡ್ಡ ಸಂಸ್ಥೆಗಳು ಆಸ್ಪತ್ರೆ, ವೃದ್ಧಾಶ್ರಮ ನೋಡಿಕೊಳ್ಳುತ್ತವೆ. ಖರ್ಚಿನ ಹೆಚ್ಚಿನ ಪಾಲು ವಿಮೆಯದ್ದು. ಬಡವ ಶ್ರೀಮಂತ ಅಂತ ಇಲ್ಲದೆ ಮದ್ದು ಸಿಗುತ್ತದೆ. ಅಪ್ಪನ ಮಂಚದ ಪಕ್ಕದ ಡ್ರಾಯರಿನಲ್ಲಿ ಪಾದ್ರಿಯ ಚೀಟಿಯೂ ಇತ್ತು, ಮಾತಾಡಬೇಕಾದರೆ ಈ ನಂಬರು, ಈ ಹೊತ್ತು ಅಂತ. ಎಲ್ಲ ಇದೆ, ಕರೆದರೆ ಬರುತ್ತಾರೆ. ಕರೆಯದೆ ಬರುವವರು ಮಾತ್ರ ಇಲ್ಲ.

ಇಷ್ಟು ಬರೆದು ಹೆಂಡತಿಗೆ ಓದಿ ಹೇಳಿದೆ. ಅವಳು ನಕ್ಕಳು. "ನಿಮ್ಮ ಚಿಕ್ಕಮ್ಮ ಹದಿನೈದು ದಿನ ಮಂಚದ ಕೆಳಗೆ ಮಲಗಿದ್ರಲ್ಲ, ಅವರ ಬೆನ್ನು ನೋವಿನ ಬಗ್ಗೆ ಯಾರಾದ್ರೂ ಬರೆದಿದ್ದೀರಾ?" ಅಂದಳು. ಸರಿಯಾಗಿಯೇ ಕೊಟ್ಟಳು. ಊರಿನಲ್ಲಿ ಪಕ್ಕದಲ್ಲಿ ಕೂರುವುದು ಪ್ರೀತಿಗೆ ಮಾತ್ರ ಅಲ್ಲ. ನರ್ಸುಗಳು ಸಾಕಾಗುವುದಿಲ್ಲ. ಕೂತವರೆಲ್ಲ ಹೆಂಗಸರೇ. ಚಿಕ್ಕಮ್ಮ ಆ ಹದಿನೈದು ದಿನ ಬೀಡಿ ಕಟ್ಟಲಿಲ್ಲ, ಆ ದುಡ್ಡು ಯಾರೂ ಕೊಡಲಿಲ್ಲ. ಗಂಜಿಯ ಹೊಗಳಿಕೆಯನ್ನು ಸ್ವಲ್ಪ ಕಡಿಮೆ ಮಾಡಬೇಕು ಅಂತ ಆಗ ಅನಿಸಿತು, ಆದರೂ ಬರೆದದ್ದನ್ನು ತೆಗೆಯಲಿಲ್ಲ.

ಅಪ್ಪನ ಮೂರನೇ ರಾತ್ರಿಯ ವಿಷಯ ಮರೆತೆ. ಮಾರನೇ ದಿನ ಹೋದಾಗ ಅಪ್ಪನ ಮುಖ ಬೇರೆಯೇ ಇತ್ತು. ರಾತ್ರಿ ಪಾಳಿಗೆ ಹೊಸ ನರ್ಸ್ ಬಂದಿದ್ದರಂತೆ, ಕೇರಳದ ಹುಡುಗಿ. ಮಂಗಳೂರಿನಲ್ಲಿ ನರ್ಸಿಂಗ್ ಕಲಿತವಳು. ಹೆಸರು ನೋಡಿ ಊರು ಕೇಳಿ, "ಅಜ್ಜ, ಊಟ ಮಾಡ್ಲಿಲ್ವಾ? ಒಂದು ಚೂರು ಎದ್ದೇಳಿ" ಅಂದಳಂತೆ, ಮಲಯಾಳ ಕಲಸಿದ ಮಂಗಳೂರು ಕನ್ನಡದಲ್ಲಿ. ನರ್ಸುಗಳಿಗಾಗಿ ಈಗ ಜರ್ಮನಿಯೇ ಕೇರಳದ ಬಾಗಿಲಿಗೆ ಹೋಗಿ ನಿಂತಿದೆ. ಕಾರಿಡಾರಿನ ಅಡುಗೆ ಕೋಣೆಯಲ್ಲಿ ಬಿಸಿನೀರಿಗೆ ಓಟ್ಸ್ ಹಾಕಿ, ಉಪ್ಪು ಹಾಕಿ, ನೀರು ನೀರಾಗಿ ಮಾಡಿ ತಂದು ಕೊಟ್ಟಳಂತೆ. "ಗಂಜಿಯೇ ಅಲ್ಲ ಅದು" ಅಂದರು ಅಪ್ಪ. ತಟ್ಟೆ ಖಾಲಿ ಮಾಡಿದ್ದರು.

ಅಪ್ಪ ವಾಸಿಯಾಗಿ ಊರಿಗೆ ಹೋದರು. ಫೆಬ್ರವರಿಯಲ್ಲಿ ನಮ್ಮ ಕೆಳಗಿನ ಮನೆಯ ಜರ್ಮನ್ ಅಜ್ಜಿ ಸೊಂಟದ ಆಪರೇಷನ್ ಮುಗಿಸಿ ಬಂದರು. ಒಬ್ಬರೇ ಇರುವುದು. ನಾನು ಒಂದು ಡಬ್ಬಿ ಗಂಜಿ ತುಂಬಿ, ಜೊತೆಗೆ ಸ್ವಲ್ಪ ಉಪ್ಪಿನಕಾಯಿ ಇಟ್ಟು, ಹೇಳದೆ ಕೇಳದೆ ಹೋಗಿ ಬೆಲ್ ಒತ್ತಿದೆ. ಬಾಗಿಲು ತೆರೆದವರೇ ಗಾಬರಿಯಲ್ಲಿ "ಏನಾಯಿತು?" ಅಂದರು. ಏನೂ ಇಲ್ಲ ಅಂದೆ. ಡಬ್ಬಿ ತಗೊಂಡರು. ಐದು ನಿಮಿಷ ಬಾಗಿಲಲ್ಲೇ ನಿಂತು ಮಾತಾಡಿದೆವು, ಆಮೇಲೆ ಒಳಗೆ ಕರೆದರು, ಅರ್ಧ ಗಂಟೆ ಕೂತೆ.

ಎರಡು ದಿನ ಬಿಟ್ಟು ಡಬ್ಬಿ ನಮ್ಮ ಮೆಟ್ಟಿಲ ಮೇಲೆ ಇತ್ತು. ತೊಳೆದು, ಒರೆಸಿ, ಒಳಗೆ ಎರಡು ಸೇಬು ಹಾಕಿದ್ದರು. ಜೊತೆಗೆ ಒಂದು ಚೀಟಿ: ತುಂಬ ಧನ್ಯವಾದ, ಹಸಿರು ವಸ್ತು ಬಹಳ ಖಾರ, ಮುಂದಿನ ಸಲ ದಯವಿಟ್ಟು ಮೊದಲು ಫೋನ್ ಮಾಡಿ ಬನ್ನಿ.