ಅಜ್ಜನ ಕುರ್ಚಿ, ಅಮ್ಮನ ಮಣೆ

ನಮ್ಮ ಅಜ್ಜನ ಮನೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಜಗಲಿ ಮೇಲಿನ ಆರಾಮ ಕುರ್ಚಿ. ಮೇಲೊಂದು ಕೆಳಗೊಂದು ಕೋಲು, ನಡುವೆ ಪಟ್ಟೆಪಟ್ಟೆಯ ದಪ್ಪ ಬಟ್ಟೆ. ಒಂದು ಸಲ ಮೇಲಿನ ಕೋಲು ಎಳೆದಿಟ್ಟು ಅಜ್ಜನನ್ನು ದೊಪ್ಪನೆ ಕೆಡವಿದ್ದೆ. ಕೆಡವಿದ್ದಕ್ಕಿಂತ, ಕುರ್ಚಿಗೆ ಕೈ ಹಾಕಿದ್ದಕ್ಕೇ ಬೈಗುಳ ಜಾಸ್ತಿ ಬಿತ್ತು.

ಉಳಿದವರಿಗೆಲ್ಲ ಚಾಪೆ, ಮಣೆ. ಊಟಕ್ಕೆ ಮಣೆ, ತರಕಾರಿ ಹೆಚ್ಚಲು ಈಳಿಗೆಮಣೆ, ಆಟಕ್ಕೆ ಚೆನ್ನೆಮಣೆ, ಮದುವೆಗೆ ಹಸೆಮಣೆ. ಕೆಲಸ ಮುಗಿದರೆ ಗೋಡೆಗೆ ಒರಗಿಸಿಟ್ಟರಾಯ್ತು, ನಡುಮನೆ ಖಾಲಿ. ರಾತ್ರಿ ಅಲ್ಲೇ ಹಾಸಿಗೆ.

ಮನೆ ಸಾಮಾನಿನ ಹೆಸರುಗಳನ್ನೇ ನೋಡಿ. ಮಣೆ, ತೊಟ್ಟಿಲು ನಮ್ಮವೇ. ಕುರ್ಚಿ ಅರಬ್ಬಿಯ ‘ಕುರ್ಸಿ’. ಮೇಜು ಪಾರಸಿ. ಅಲಮಾರು ಪೋರ್ಚುಗೀಸರದು. ಸೋಫಾದ ಬೇರೂ ಅರಬ್ಬಿಯೇ, ಯುರೋಪ್ ಸುತ್ತಿಕೊಂಡು ನಮ್ಮ ಹಾಲ್‌ಗೆ ಬಂತು.

ಕುರ್ಚಿ ಹುಟ್ಟಿದ್ದು ಸುಖಕ್ಕಲ್ಲ, ಪಕ್ಕದವನಿಗಿಂತ ಒಂದು ಮೊಳ ಎತ್ತರದಲ್ಲಿ ಕೂರೋದಕ್ಕೆ ಅಂತ ನನಗನಿಸುತ್ತದೆ. ಈಜಿಪ್ಟಿನಲ್ಲಿ 1922ರಲ್ಲಿ ಪ್ರಾಚೀನ ಕಾಲದ ರಾಜ ಟುಟಾಂಖಾಮನ್‌ನ ಸಮಾಧಿ ಪತ್ತೆಯಾಯಿತಲ್ಲ, ಅಲ್ಲಿ ಚಿನ್ನದ ತಗಡು ಹೊದಿಸಿದ ಸಿಂಹಾಸನ ಸಿಕ್ಕಿತು. ಕಾಲುಮಣೆಗಳೂ ಸಿಕ್ಕವು. ಅವುಗಳ ಮೇಲೆ ಏನಿತ್ತು ಗೊತ್ತಾ? ಕಟ್ಟಿಹಾಕಿದ ಶತ್ರುಗಳ ಚಿತ್ರ. ರಾಜ ಸುಮ್ನೆ ಕೂತರೂ ಸಾಕು, ಶತ್ರುಗಳನ್ನು ತುಳಿದ ಹಾಗೆ! ಮಧ್ಯಯುಗದ ಯುರೋಪಿನಲ್ಲೂ ಒರಗುವ ಕುರ್ಚಿ ಯಜಮಾನನದು. ಉಳಿದವರು ಬೆಂಚು, ಸ್ಟೂಲು, ಪೆಟ್ಟಿಗೆ ಮೇಲೆ. ಇವತ್ತಿಗೂ ಸಭೆ ನಡೆಸುವವರು ‘ಚೇರ್‌ಮನ್’. ನಮ್ಮ ಪೇಪರ್‌ಗಳಲ್ಲಿ ದಿನಾ ಕುರ್ಚಿ ಕಿತ್ತಾಟ. ಮೇಜಿಗೋ ಬೀರುವಿಗೋ ಯಾರಾದರೂ ಹಾಗೆ ಕಿತ್ತಾಡಿದ್ದು ಕೇಳಿದ್ದೀರಾ?

ಈ ಗತ್ತು ಮುರಿದವರಲ್ಲಿ ನನಗೆ ಮೊದಲು ನೆನಪಾಗುವುದು ಆಸ್ಟ್ರಿಯಾದ ಥೋನೆಟ್ ಕಂಪನಿ. 1859ರಲ್ಲಿ ‘ಬೀಚ್’ ಅನ್ನೋ ಯುರೋಪಿನ ಕಾಡುಮರವನ್ನು ಹಬೆಯಲ್ಲಿ ಬೇಯಿಸಿ, ಬಗ್ಗಿಸಿ ಒಂದು ಕುರ್ಚಿ ಮಾಡಿದರು. ಆರು ಬಿಡಿ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು, ಅಷ್ಟೇ. ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ. ವಿಯೆನ್ನಾದ ಕಾಫಿ ಅಂಗಡಿಗಳಲ್ಲಿ ಕಾಸು ಕೊಟ್ಟು ಕಾಫಿ ಕುಡಿದವರೆಲ್ಲ ಅದರ ಮೇಲೆ ಕೂತರು. ಆಮೇಲೆ ಬಂತು ಒಂದೇ ಅಚ್ಚಿನ ಪ್ಲಾಸ್ಟಿಕ್ ಕುರ್ಚಿ. ಅದನ್ನು ಕಂಡರೆ ಮೂಗು ಮುರಿಯುವವರಿದ್ದಾರೆ. ನಾನು ಮಾತ್ರ ಅದರ ಪಕ್ಷ. ಶಾಮಿಯಾನದ ಕೆಳಗೆ ಸಾಹುಕಾರನಿಗೂ ಕೂಲಿಯವನಿಗೂ ಅದೇ ಕುರ್ಚಿ.

ನಾವು ಸಾಲ ಮಾಡಿ ಸೋಫಾ ತಂದೆವು. ಯಾರಾದರೂ ಬಂದರೆ ಅವರು ಅದರ ಮೇಲೆ. ನಾವು ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕಾಲು ಚಾಚಿ ಟಿವಿ ನೋಡುತ್ತೇವೆ. ನಿಮ್ಮನೇಲೂ ಹಾಗೇ ಅಲ್ವಾ?

ಅಮ್ಮ ಮಾತ್ರ ಯಾವತ್ತೂ ಮಣೆಯ ಮೇಲೇ. ಅಜ್ಜ ತೀರಿಕೊಂಡ ಮೇಲೂ ಆ ಆರಾಮ ಕುರ್ಚಿಯಲ್ಲಿ ಒಮ್ಮೆಯೂ ಕೂರಲಿಲ್ಲ. ಈಗ ಮಂಡಿ ಸವೆದಿದೆ, ನೆಲದ ಮೇಲೆ ಕೂರಲೇಬೇಡಿ ಅಂದಿದ್ದಾರೆ ಡಾಕ್ಟರು. ಅಡುಗೆಮನೆಗೊಂದು ಪ್ಲಾಸ್ಟಿಕ್ ಕುರ್ಚಿ ತಂದೆ. ತುದಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಾಳೆ. “ಹಿಂದಕ್ಕೆ ಒರಗಿ ಕೂತ್ಕೊಳ್ಳಮ್ಮಾ” ಅಂದರೆ “ಹೂಂ” ಅನ್ನುತ್ತಾಳೆ. ಅಪ್ಪನ ಚಪ್ಪಲಿ ಸದ್ದು ಕೇಳಿದ ಕೂಡಲೇ ಸೊಪ್ಪಿನ ಮೊರ ಹಿಡಿದುಕೊಂಡೇ ಎದ್ದು ನಿಲ್ಲುತ್ತಾಳೆ.